ಬೆನ್ನಿನ ಎರಡನೇ ಆಪರೇಷನ್ನು, ಮೊದಲನೇ ಮೊಮ್ಮಗಳು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಹುಟ್ಟಿ ವರ್ಷದ ಮೇಲಾಯಿತು. ಆದರೂ ಹಾಲಿನವನಿಗೆ, ರೈಲಿನಲ್ಲಿ ಪಕ್ಕ ಕೂತವರಿಗೆ, ವ್ಯಾಯಾಮ ಮಾಡಿಸಲು ಬರುವ ಹುಡುಗಿಗೆ, ಮೊನ್ನೆ ಫೋನ್ ಮಾಡಿದ ಯಾರೋ ಪಾಪದವರಿಗೂ ಇದನ್ನೇ ಹೇಳಿದ್ದೇನೆ. ಅವರು ಬ್ಯಾಂಕಿನ ಯಾವುದೋ ಸಾಲದ ಮಾತು ಶುರು ಮಾಡಿದ್ದರು. ನಾನು ನಮ್ಮ ಕೂಸಿಗೆ ಬಂದಿರುವ ಹಲ್ಲುಗಳ ಮಾತು ಶುರು ಮಾಡಿದೆ. ಅವರೇ ಫೋನ್ ಇಟ್ಟರು.

ಆದರೆ ಅವಳ ಮಾತು ಹೇಳಬೇಕಾದರೆ ನನ್ನ ಬೆನ್ನಿನ ಮಾತು ಹೇಳಬೇಕು. ಅದು ಸಂತೋಷದ್ದಲ್ಲ.

ನಾವು ಗದಗ ಕಡೆಯವರು. ಯಜಮಾನರಿಗೆ ವಡೋದರಾದ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸ ಸಿಕ್ಕಿತ್ತು, ಮದುವೆಯಾದ ಮೇಲೆ ನಾನೂ ಬಂದೆ. ನಾಲ್ಕನೇ ಇಯತ್ತೆ ಕಲಿತವಳಿಗೆ ಹಿಂದಿಯೂ ಗುಜರಾತಿಯೂ ಬಂದದ್ದು ತರಕಾರಿ ಅಂಗಡಿಯಲ್ಲಿ. ಅವರು ರಿಟೈರ್ ಆದ ಮೇಲೆ ಫತೇಗಂಜ್‌ನ ಒಂದು ಗಲ್ಲಿಯಲ್ಲಿ, ಎರಡು ಹಾಸ್ಟೆಲುಗಳ ನಡುವೆ, ನೆಲಮಟ್ಟದ ಮನೆ ಮಾಡಿಕೊಂಡಿದ್ದೇವೆ. ಮಗಳನ್ನು ಸೂರತ್‌ಗೆ ಕೊಟ್ಟಿದ್ದೇವೆ. ಅಳಿಯ ಪಾಂಡೇಸರಾದ ಬಣ್ಣದ ಮಿಲ್ಲಿನಲ್ಲಿ ಬಟ್ಟೆಗೆ ಬಣ್ಣ ಕೂಡಿಸುವವನು. ಹುಟ್ಟಿದ್ದು ಬೆಳೆದದ್ದು ಸೂರತ್ತಿನಲ್ಲೇ. ಅವನ ಕನ್ನಡ ಅರ್ಧ ದಾರಿಗೆ ಬಂದು ಹಿಂದಿಯ ಕೈ ಹಿಡಿಯುತ್ತದೆ.

ಬೆನ್ನಿನ ಮೊದಲನೇ ಆಪರೇಷನ್ ಆಗಿದ್ದು ವಡೋದರಾದಲ್ಲಿ. ಸೊಂಟದ ಹತ್ತಿರ ಬೆನ್ನೆಲುಬಿನ ಮಣಿಗಳು ಜಾರಿ ನರ ಒತ್ತುತ್ತಿದ್ದವು. ಜಾರಿದ ಮಣಿಗಳಿಗೆ ಸ್ಕ್ರೂ, ಸರಳು ಹಾಕಿ ಬಿಗಿದು, ನಡುವೆ ಎಲುಬಿನ ಚೂರು ತುಂಬಿದರು. ಆ ಚೂರು ಬೆಳೆದು ಮಣಿಗಳು ಒಂದಕ್ಕೊಂದು ಬೆಸೆದುಕೊಳ್ಳಬೇಕು, ಅದೇ ಆಪರೇಷನ್ನಿನ ಉದ್ದೇಶ. ನನ್ನವು ಬೆಸೆಯಲಿಲ್ಲ. ವರ್ಷ ಕಳೆದ ಮೇಲೆ ಮೊದಲಿಗಿಂತ ಹೆಚ್ಚು ನೋವು. ಎಕ್ಸ್‌ರೇ ಫೋಟೋ ತೆಗೆದರೆ ಸ್ಕ್ರೂಗಳು ಎಲುಬಿನೊಳಗೆ ಸಡಿಲಾಗಿ ಅಲ್ಲಾಡುತ್ತಿವೆ ಎಂದರು. ನಿಮ್ಮ ತಪ್ಪೇನೂ ಇಲ್ಲ, ಕೆಲವರಿಗೆ ಹೀಗಾಗುತ್ತದೆ ಎಂದು ಡಾಕ್ಟರೇ ಹೇಳಿದರು. ಊರಿನವರು ಒಪ್ಪಲಿಲ್ಲ. ಫೋನ್ ಮಾಡಿದವರೆಲ್ಲ ಒಂದೇ ಮಾತು: "ನೀನ ಬಗ್ಗಿರಬೇಕು ನೋಡ. ಕೊಡಾ ಎತ್ತಿರಬೇಕು." ಎತ್ತಲಿಲ್ಲ, ಬಗ್ಗಲಿಲ್ಲ ಎಂದು ಹೇಳಿ ಹೇಳಿ ನನಗೇ ಅನುಮಾನ ಬಂತು.

ಯಜಮಾನರು ಮಾತ್ರ ತಮ್ಮ ವರ್ಕ್‌ಶಾಪಿನ ಲೆಕ್ಕದಲ್ಲಿ ತಿಳಿದುಕೊಂಡರು.

"ಥ್ರೆಡ್ ಹೋದ ಮ್ಯಾಲ ಎಷ್ಟ ಟೈಟ್ ಮಾಡಿದ್ರೂ ಅಷ್ಟ. ತಗದು ಒಂದ್ ಸೈಜ್ ದೊಡ್ಡದ ಹಾಕಬೇಕು."

"ನನ್ನೇನ್ ನಿಮ್ಮ ರೈಲ್ ಡಬ್ಬಿ ಅನ್ಕೊಂಡೀರೇನ್ರಿ?"

"ಡಬ್ಬಿ ಆಗಿದ್ರ ಇಷ್ಟ್ ಮಾತಾಡ್ತಿರಲಿಲ್ಲ."

ನಗೆ ಅಲ್ಲಿಗೇ ಮುಗಿಯುತ್ತಿತ್ತು. ಕೂತರೆ ನೋವು, ನಿಂತರೆ ನೋವು, ಮಲಗಿದರೆ ಎಡಗಾಲಿನ ಉದ್ದಕ್ಕೂ ಯಾರೋ ಕಾದ ತಂತಿ ಎಳೆದ ಹಾಗೆ. ಆಮೇಲೆ ಆ ಕಾಲಿನಲ್ಲಿ ಮೊಣಕಾಲಿನ ಕೆಳಗೆ ನೋವು ಕಡಿಮೆಯಾಗುತ್ತ ಬಂತು. ಗುಣವಾಯಿತೆಂದು ಖುಷಿಪಟ್ಟೆ. ಒಂದು ದಿನ ತರಕಾರಿ ತರುವಾಗ ಹಿಂದಿನಿಂದ ಅಂಗಡಿಯವನು "ಮಾಸಿ, ಚಪ್ಪಲ್! ಚಪ್ಪಲ್!" ಎಂದು ಕೂಗಿದ. ನನ್ನ ಎಡಗಾಲಿನ ಚಪ್ಪಲಿ ರಸ್ತೆಯಲ್ಲಿ ಎಲ್ಲೋ ಉಳಿದಿತ್ತು. ಬರಿಗಾಲಲ್ಲಿ ಬಿಸಿಲಿನ ಡಾಂಬರಿನ ಮೇಲೆ ಅಷ್ಟು ದೂರ ನಡೆದಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ. ಪಾದ ಮೇಲೆತ್ತಲು ಬರುತ್ತಿರಲಿಲ್ಲ, ಎಳೆದುಕೊಂಡು ಬರುತ್ತಿತ್ತು.

ವಡೋದರಾದವರು ಅಹಮದಾಬಾದಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿನ ಡಾಕ್ಟರು ನೋಡಿದವರೇ ಮತ್ತೆ ಆಪರೇಷನ್ ಆಗಬೇಕು ಎಂದರು. ಎರಡನೇ ಸಲದ್ದು ಮೊದಲಿನಷ್ಟು ಸುಲಭವಲ್ಲ, ಹಳೆಯ ಗಾಯದ ಗಂಟುಗಳ ನಡುವೆ ನರ ಹುಡುಕಬೇಕು, ನೋವು ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ, ಆದರೆ ತಡ ಮಾಡಿದರೆ ಪಾದ ಹೀಗೇ ಉಳಿಯುತ್ತದೆ, ಇನ್ನೂ ಕೆಡಬಹುದು ಎಂದರು. ನಾನು ಬೇಡ ಎಂದೆ. ಮೊದಲನೇ ಸಲದ ಆ ಐಸಿಯು, ಆ ಬಾಯಾರಿಕೆ, ಮಗ್ಗುಲು ಹೊರಳಿಸುವಾಗಿನ ಆ ಕೂಗು, ಇನ್ನೊಮ್ಮೆ ನನ್ನಿಂದ ಆಗದು. ಕುಂಟುತ್ತ ಇದ್ದುಬಿಡುತ್ತೇನೆ ಎಂದೆ.

ಅದೇ ತಿಂಗಳು ಮಗಳು ಫೋನ್ ಮಾಡಿ ಬಸುರಿ ಎಂದು ಹೇಳಿದಳು.

ಮದುವೆಯಾಗಿ ಎಷ್ಟೋ ವರ್ಷಗಳಾಗಿದ್ದವು, ಕೇಳುವುದನ್ನೇ ಬಿಟ್ಟಿದ್ದೆವು. ನಾನು ಫೋನ್ ಹಿಡಿದು ಅತ್ತ ರೀತಿಗೆ ಹಾಸ್ಟೆಲ್ಲಿನ ಇಬ್ಬರು ಹುಡುಗಿಯರು ಓಡಿ ಬಂದರು, ಯಜಮಾನರಿಗೆ ಏನೋ ಆಯಿತೆಂದು. ಯಜಮಾನರು ಬಾಗಿಲಲ್ಲಿ ನಿಂತು ತಾವೂ ಅಳುತ್ತಿದ್ದರು.

ಚೊಚ್ಚಲ ಬಾಣಂತನ ತವರಿನದು. ನಮ್ಮಲ್ಲಿ ತಾಯಿ ಬಾಣಂತನ ಮಾಡುವುದೆಂದರೆ ಕೂಸಿಗೆ ಎರೆಯುವುದು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ನೀಳವಾಗಿ ಚಾಚಿ ಜೋಡಿಸಿ, ಮೊಣಕಾಲಿನಿಂದ ಕೆಳಗೆ ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು. ನನ್ನ ಅವ್ವ ನನ್ನ ಮಗಳಿಗೆ ಹಾಗೆ ಎರೆದಿದ್ದಳು. ನಾನು ಓಣಿಯ ಎಷ್ಟೋ ಕೂಸುಗಳಿಗೆ ಎರೆದಿದ್ದೇನೆ. ನನ್ನ ಸ್ವಂತ ಮೊಮ್ಮಗುವನ್ನು ಒಮ್ಮೆಯಾದರೂ ನನ್ನ ಕಾಲ ಮೇಲೆ, ನನ್ನ ಮಡಿಲಲ್ಲಿ ಹಾಕಿಕೊಳ್ಳಬೇಕು. ಬೇರೆ ಏನೂ ಬೇಡವಾಗಿತ್ತು.

ಮುಂದಿನ ಸಲ ಅಹಮದಾಬಾದಿಗೆ ಮಗಳೇ ಜೊತೆಗೆ ಬಂದಳು. ನಾನು ಡಾಕ್ಟರನ್ನು ಕೇಳಿದೆ, ಆಪರೇಷನ್ ಮಾಡಿಸಿಕೊಂಡರೆ ಎರೆಯಲು ಆಗುತ್ತದೆಯೇ ಎಂದು. ಎರೆಯುವುದಕ್ಕೆ ಹಿಂದಿಯಲ್ಲಿ ಏನನ್ನುತ್ತಾರೋ ನನಗೂ ಗೊತ್ತಿರಲಿಲ್ಲ, ಮಗಳಿಗೂ ಹೇಳಲು ಬರಲಿಲ್ಲ. "ಬೇಬಿ ಕೋ ನಹಲಾನಾ" ಎಂದಳು. ಅವರು ಟಬ್ಬಿನಲ್ಲಿ ಮಾಡಿ ಎಂದರು. ನಾನು ಸುಮ್ಮನಿರದೆ ಅವರ ತಪಾಸಣೆಯ ಮಂಚದ ಮೇಲೆ ಕಾಲು ಚಾಚಿ ಕೂತು, ನನ್ನ ಚೀಲವನ್ನು ಕಾಲ ಮೇಲೆ ಮಲಗಿಸಿ, ಬಗ್ಗಿ ತಿಕ್ಕಿ ತೋರಿಸಿದೆ. ನೋವಿಗೆ ಅಲ್ಲೇ ಕೂಗಿದೆ ಕೂಡ.

"ನೆಲದ ಮೇಲಾ?" ಎಂದು ಕೇಳಿದರು. "ಮಾಸಿ, ನೆಲ ಮರೆತುಬಿಡಿ. ಇನ್ನು ಮೇಲೆ ಕುರ್ಚಿ, ಮಂಚ. ಅಷ್ಟೇ."

"ಆಪರೇಷನ್ ಮಾಡಿಸ್ದಿದ್ರ?"

"ಮಾಡಿಸದಿದ್ದರೂ ಅಷ್ಟೇ."

ಹೊರಗೆ ಬಂದು ನಾನು ಹಟ ಹಿಡಿದೆ. ಬಾಣಂತನ ಮುಗಿಯಲಿ, ಆಮೇಲೆ ಕೊಯ್ಯಲಿ. ಮಗಳು ಸಿಟ್ಟಾದಳು. "ಅವ್ವಾ, ನನ್ನ ಕೂಸಿಗೆ ಅಜ್ಜಿ ಬೇಕು. ಎರಿಯಾಕಿ ಯಾರರ ಸಿಗತಾರ."

"ಎರಿಯಾಕಿ ಸಿಗತಾಳಂತ, ಎರಿಯಾಕಿ! ನಿನಗ ನಮ್ಮವ್ವ ಎರದಿದ್ದಕ್ಕ ಈ ಮೈಕಟ್ಟ ಬಂದೈತಿ, ಮರತೀಯೇನು?" ಎಂದೆ.

ಏಳನೇ ತಿಂಗಳಲ್ಲಿ ಕುಬಸಕ್ಕೆ ಸೂರತ್‌ಗೆ ಹೋದೆವು, ಹಸಿರು ಸೀರೆ, ಹಸಿರು ಬಳೆ ತೆಗೆದುಕೊಂಡು. ಮಿಲ್ಲಿನವರ ಹೆಂಡಂದಿರು, ಕನ್ನಡದವರು ಮರಾಠಿಯವರು ಒಡಿಯಾದವರು, ಆ ಸಣ್ಣ ಮನೆಯಲ್ಲಿ ತುಂಬಿದ್ದರು. ಮಗಳು ಕುರ್ಚಿಯಲ್ಲಿ ಕೂತಿದ್ದಳು. ನಾನು ಆರತಿ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದೆ. ಹೊಸಿಲಿನ ಹತ್ತಿರ ಹಾಸಿದ್ದ ಜಮಖಾನೆಯ ಅಂಚಿಗೆ ನನ್ನ ಎಡಪಾದ ಸಿಕ್ಕಿತು. ಸಿಕ್ಕಿದ್ದು ನನಗೆ ಗೊತ್ತಾಗಲಿಲ್ಲ. ನಾನು ಹೆಜ್ಜೆ ಇಟ್ಟೆ ಎಂದುಕೊಂಡೆ, ಕಾಲು ಬರಲಿಲ್ಲ. ತಟ್ಟೆ, ದೀಪ, ನಾನು, ಎಲ್ಲ ಮಗಳ ಮೇಲೆ ಹೋದೆವು. ಅವಳು ಹೊಟ್ಟೆ ಮುಚ್ಚಿಕೊಳ್ಳುವುದು ಬಿಟ್ಟು ನನ್ನನ್ನು ಹಿಡಿಯಲು ಎರಡೂ ಕೈ ಮುಂದೆ ಚಾಚಿದಳು. ನನ್ನ ತಲೆ ಅವಳ ಮೊಣಕಾಲಿಗೆ ಬಡಿಯಿತು. ಒಂದು ಗೇಣು ಮೇಲೆ ಬಡಿದಿದ್ದರೆ!

ಅವಳಿಗೆ ಏನೂ ಆಗಲಿಲ್ಲ. ಸೀರೆಯ ಸೆರಗು ಸ್ವಲ್ಪ ಸುಟ್ಟಿತು. ಎಲ್ಲರೂ ನನ್ನನ್ನು ಎಬ್ಬಿಸಿ ಕೂರಿಸಿ ನೀರು ಕೊಟ್ಟರು. ನಾನು ಗೋಡೆ ನೋಡುತ್ತ ಕೂತೆ. ಕೂಸು ನನ್ನ ಕೈಯಲ್ಲಿರುವಾಗ ಈ ಕಾಲು ಹೀಗೆ ಮಾಡಿದರೆ? ಬಿಸಿನೀರಿನ ಬಚ್ಚಲಲ್ಲಿ? ಅಂದೇ ಯಜಮಾನರಿಗೆ ಹೇಳಿದೆ, ಅಹಮದಾಬಾದಿಗೆ ಫೋನ್ ಹಚ್ಚಿರಿ ಎಂದು.

ಎಲುಬು ಗಟ್ಟಿಯಾಗುವ ಸೂಜಿ, ಸಕ್ಕರೆ ಕಾಯಿಲೆ ಹತೋಟಿಗೆ ತರುವುದು, ಹೀಗೆ ಎಳೆದೆಳೆದು ಆಪರೇಷನ್ನಿಗೆ ದಿನ ಸಿಕ್ಕಿದಾಗ ಮಗಳಿಗೆ ಒಂಬತ್ತು ತುಂಬುತ್ತ ಬಂದಿತ್ತು. ಅವಳು ವಡೋದರಾಕ್ಕೆ ಬಂದಳು, ನಾನು ಅಹಮದಾಬಾದಿಗೆ ಹೋದೆ. ಬಾಣಂತನಕ್ಕೆ ನನ್ನ ಬದಲು ಯಜಮಾನರ ಅಕ್ಕ ಊರಿನಿಂದ ಬಂದರು. ನಾವು ಅಕ್ಕಾರು ಎನ್ನುತ್ತೇವೆ. ಎಪ್ಪತ್ತು ದಾಟಿದರೂ ನೆಲಕ್ಕೆ ಕೂತು ಕೈಯೂರದೆ ಏಳುವ ಹೆಂಗಸು. ಅವರನ್ನು ನೋಡಿ ನನ್ನ ಹೊಟ್ಟೆ ಉರಿಯಿತು.

ಆಪರೇಷನ್ ಇಡೀ ದಿನ ಹಿಡಿಯಿತು ಎಂದರು. ಹಳೆಯ ಸ್ಕ್ರೂ ತೆಗೆದು ದಪ್ಪನೆಯವು ಹಾಕಿದರು, ಸೊಂಟದ ಪಕ್ಕದ ಎಲುಬಿನಿಂದ ಚೂರು ಕೆತ್ತಿ ಮಣಿಗಳ ನಡುವೆ ತುಂಬಿದರು. ಎಚ್ಚರವಾದಾಗ ನಾನು ಎಲ್ಲಿದ್ದೇನೆಂದು ತಿಳಿಯಲಿಲ್ಲ. ಐಸಿಯುವಿನ ಗೋಡೆಯ ಮೇಲೆ ಇರುವೆಗಳು ಸಾಲಾಗಿ ಹೋಗುತ್ತಿದ್ದವು. ಇರುವೆಗಳೇ ಇಲ್ಲ ಎಂದು ನರ್ಸ್ ಹೇಳಿದಳು. ನಾನು ಅವಳನ್ನು ಬೈದೆನಂತೆ, ನನ್ನ ಕೂಸಿಗೆ ಇರುವೆ ಹತ್ತುತ್ತವೆ ಎಂದು. ಕೂಸು ಇನ್ನೂ ಹುಟ್ಟಿರಲಿಲ್ಲ.

ಇಬ್ಬರು ಸೇರಿ ನನ್ನನ್ನು ಮರದ ದಿಮ್ಮಿಯ ಹಾಗೆ ಹೊರಳಿಸುತ್ತಿದ್ದರು. ಪ್ರತಿ ಸಲವೂ ನಾನು ಸತ್ತರೆ ಸಾಕು ಎಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಿಲ್ಲ. ಮೊಮ್ಮಗು ಬರುವುದಿದೆ ಎಂಬುದೂ ಆ ಹೊತ್ತಿಗೆ ನೆನಪಿರಲಿಲ್ಲ, ನೋವಿನ ಹೊತ್ತಿನಲ್ಲಿ ಯಾರೂ ನೆನಪಾಗುವುದಿಲ್ಲ. ಆಮೇಲೆ ಬೆಲ್ಟ್ ಬಿಗಿದು ಎಬ್ಬಿಸಿ ನಿಲ್ಲಿಸಿದರು. ಎಡಪಾದ ಇನ್ನೂ ಏಳಲಿಲ್ಲ. ಡಾಕ್ಟರು ಕಾಯಬೇಕು ಎಂದರು.

ಹೊಲಿಗೆ ಬಿಚ್ಚಿಸಿಕೊಂಡು ವಡೋದರಾಕ್ಕೆ ಬಂದು ಮಲಗಿದೆ. ಮನೆಗೆ ಬಂದಾಗಲೇ ಮಗಳಿಗೆ ನೋವು ಶುರುವಾಗಿತ್ತು. ಅವಳು ಆಸ್ಪತ್ರೆಗೆ ಹೋದಳು, ನಾನು ಮಂಚದಿಂದ ಏಳುವ ಹಾಗಿರಲಿಲ್ಲ. ಯಜಮಾನರು ಫೋನ್ ಮಾಡಿ "ಹೆಣ್ಣು" ಎಂದರು. ನಾನು ಒಬ್ಬಳೇ ಚಾವಣಿಯ ಫ್ಯಾನ್ ನೋಡುತ್ತ "ಹೆಣ್ಣು, ಹೆಣ್ಣು, ನಮ್ಮ ಮನೆಗೆ ಹೆಣ್ಣು ಬಂದೈತಿ" ಎಂದು ಜೋರಾಗಿ ಹೇಳಿದೆ.

ಕೂಸು ಮನೆಗೆ ಬಂದಾಗ ಅಕ್ಕಾರು ತಂದು ನನ್ನ ಪಕ್ಕ ಮಲಗಿಸಿದರು. ಕೆಂಪಗೆ, ತಲೆ ತುಂಬ ಕೂದಲು, ಯಜಮಾನರದೇ ಕಿವಿ. ಎರಡು ಕಿಲೋಕ್ಕಿಂತ ಹೆಚ್ಚಿನದೇನನ್ನೂ ಎತ್ತಬಾರದೆಂದು ನನಗೆ ಅಪ್ಪಣೆಯಾಗಿತ್ತು. ಅವಳು ಹುಟ್ಟುವಾಗಲೇ ಅದನ್ನು ದಾಟಿ ಬಂದಿದ್ದಳು. ಬಗ್ಗುವ ಹಾಗಿಲ್ಲ, ಹೊರಳುವ ಹಾಗಿಲ್ಲ. ಒಂದು ಬೆರಳು ಚಾಚಿ ಅವಳ ಅಂಗೈಯಲ್ಲಿ ಇಟ್ಟೆ. ಗಟ್ಟಿಯಾಗಿ ಹಿಡಿದುಕೊಂಡಳು. ಅಬ್ಬಾ, ಏನು ಹಿಡಿತ!

ಮುಂಜಾನೆ ಬಚ್ಚಲಲ್ಲಿ ಅಕ್ಕಾರು ಎರೆಯುವ ಸಪ್ಪಳ ಕೇಳುತ್ತ ಮಲಗಿರುತ್ತಿದ್ದೆ. ಕೂಸಿಗೆ, ಮಗಳಿಗೆ ಎರೆದು ಬಂದ ಅಕ್ಕಾರು ಒಂದು ದಿನ ನನ್ನ ನರಳಿಕೆ ಕೇಳಿ ಸೊಂಟದ ಮೇಲೆ ಕೈ ಇಟ್ಟು ನಿಂತರು.

"ಮನ್ಯಾಗ ಇಬ್ಬರು ಬಾಣಂತ್ಯಾರು ಅದೀರಿ, ಒಬ್ಬಾಕಿಗೆ ಎರದು ಇನ್ನೊಬ್ಬಾಕೀನ ಬಿಡೂದೇನು? ಸೊಂಟ ಅಂದ್ರ ಬಿಸಿನೀರು. ನನಗ ಐದು ಬಾಣಂತನ ಆಗ್ಯಾವ, ಒಂದಕ್ಕೂ ಸೊಂಟ ಹಿಡದಿಲ್ಲ."

"ಅಕ್ಕಾ, ನೀರು ತಾಗಿಸಬಾರದು ಅಂದಾರ."

"ಅವರೇನ್ ಹಡದಾರೇನು? ಎಣ್ಣಿ ಹಚ್ಚಿ ನಾಕು ಚೊಂಬು ಹಾಕ್ತೀನಿ, ನೋಡೀಯಂತ."

ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಬೆಲ್ಟ್ ಬಿಚ್ಚಿ ಕೂರಿಸಿದರು. ಮೊದಲ ಚೊಂಬು ಬೆನ್ನ ಮೇಲೆ ಬಿದ್ದಾಗ, ಎಷ್ಟೋ ತಿಂಗಳ ಮೇಲೆ ಮೊದಲ ಬಾರಿ ನನ್ನ ಮೈ ಹಗುರಾಯಿತು. ಇನ್ನೊಂದು ಹಾಕ್ರಿ ಎಂದೆ. ಗಾಯದ ಕೆಳತುದಿಯಲ್ಲಿ ಹಕ್ಕಳೆ ಇನ್ನೂ ಉದುರಿರಲಿಲ್ಲ.

ಆ ವಾರವೇ ಚಳಿಜ್ವರ ಬಂತು. ಬೆನ್ನಿನಿಂದ ಹಾಸಿಗೆ ಒದ್ದೆಯಾಯಿತು. ಅಹಮದಾಬಾದಿಗೆ ಆಂಬುಲೆನ್ಸಿನಲ್ಲಿ ಒಯ್ದರು, ಮತ್ತೆ ಗಾಯ ತೆರೆದು ಒಳಗೆಲ್ಲ ತೊಳೆದರು. ನೀರಿನಿಂದಲೇ ಆಯಿತೆಂದು ಹೇಳಲಾಗದು, ಸಕ್ಕರೆ ಕಾಯಿಲೆ ಇದ್ದವರಿಗೆ, ಎರಡನೇ ಸಲ ಕೊಯ್ದ ಜಾಗಕ್ಕೆ ಹಾಗೂ ಆಗುತ್ತದೆ ಎಂದರು ಡಾಕ್ಟರು. ಕೀವು ಸ್ಕ್ರೂವರೆಗೆ ಇಳಿದಿದ್ದರೆ ಎಲ್ಲವನ್ನೂ ತೆಗೆಯಬೇಕಾಗಬಹುದು ಎಂದೂ ಹೇಳಿದರು. ಎಲ್ಲ ತೆಗೆದರೆ ಮುಂದೇನು ಎಂದು ನಾನು ಕೇಳಲಿಲ್ಲ. ಅಳಿಯ ಕೇಳಿದ, ಉತ್ತರ ನನಗೆ ಹೇಳಲಿಲ್ಲ.

ಅವನೇ ರಜೆ ಹಾಕಿ ನನ್ನ ಹತ್ತಿರ ಉಳಿದಿದ್ದ, ಕೂಸಿನ ಮುಖ ಸರಿಯಾಗಿ ನೋಡದೆ. ಯಜಮಾನರು ವಡೋದರಾದಲ್ಲಿ ಮಗಳ ಜೊತೆ. ಕೈಗೆ ದಿನವಿಡೀ ಔಷಧದ ಬಾಟಲಿ. ಆಗ ಮಗಳಿಂದ ಸುದ್ದಿ ಬಂತು, ಅಕ್ಕಾರು ಕೂಸನ್ನು ಮುಟ್ಟುತ್ತಿಲ್ಲ ಎಂದು. ಮೂಲೆಯಲ್ಲಿ ಕೂತು "ನನ್ನ ಕೈ ಛಲೋ ಇಲ್ಲ, ನಾ ಮುಟ್ಟಂಗಿಲ್ಲ" ಎನ್ನುತ್ತಿದ್ದರಂತೆ. ಮಗಳಿಗೆ ಕೊಯ್ದು ಹೆರಿಗೆಯಾಗಿತ್ತು, ಅವಳೂ ನೆಲಕ್ಕೆ ಕೂರುವ ಹಾಗಿರಲಿಲ್ಲ. ಕೂಸಿಗೆ ಬರೀ ಮೈ ಒರೆಸಿ ಬಟ್ಟೆ ಹಾಕುತ್ತಿದ್ದರಂತೆ.

ಮರುದಿನ ಬೆಳಿಗ್ಗೆ ಅಳಿಯ ಫೋನನ್ನು ನನ್ನ ಮುಖದ ಮುಂದೆ ಹಿಡಿದ. "ಅತ್ತೀ, ದೇಖೋ, ನೋಡ್ರಿ."

ಫೋನಿನಲ್ಲಿ ನಮ್ಮ ಬಚ್ಚಲು. ಮಣೆಯ ಮೇಲೆ ಯಜಮಾನರು, ಲುಂಗಿ ಮೇಲೆ ಕಟ್ಟಿ, ಎರಡೂ ಕಾಲು ಚಾಚಿ. ಕಾಲ ಮೇಲೆ ನಮ್ಮ ಕೂಸು. ಮಗಳು ಸ್ಟೂಲಿನ ಮೇಲೆ ಚೊಂಬು ಹಿಡಿದು ಕೂತಿದ್ದಳು. ಫೋನ್ ಹಿಡಿದದ್ದು ಅಕ್ಕಾರು, ಅವರು ಕಣ್ಣೊರೆಸಿಕೊಂಡಾಗೆಲ್ಲ ನನಗೆ ಚಾವಣಿ ಕಾಣುತ್ತಿತ್ತು.

"ಏನ್ರೀ ಇದು!" ಎಂದು ಕೂಗಿದೆ.

"ಏನಂದ್ರ ಏನು? ಎರಿಯಾಕತ್ತೀನಿ. ಮುಂದ ಹೇಳು."

"ಕಾಲು ಕೂಡಸ್ರಿ! ನಡುವ ಸಂದಿ ಬಿಟ್ಟೀರಿ, ಕೂಸು ಜಾರತೈತಿ. ತಲಿ ಪಾದದ ಕಡೆ ಬರಲಿ."

"ಅಪ್ಪಾ, ಅಲುಗಾಡಬ್ಯಾಡ," ಎಂದಳು ಮಗಳು.

"ನಾ ಎಲ್ಲಿ ಅಲುಗಾಡಾಕತ್ತೀನಿ? ಕಾಲ ತಾವ ನಡಗಾಕತ್ತಾವು. ಇಂಜಿನ್ ಎತ್ತೀನಿ, ಇಷ್ಟ್ ಹೆದರಿಕಿ ಬಂದಿಲ್ಲ."

"ಹಣಿಗೆ ಕೈ ಅಡ್ಡ ಹಿಡೀರಿ, ಕಿವ್ಯಾಗ ನೀರ ಹೋಗಬಾರದು. ಯವ್ವಾ, ಮೊದಲ ನಿನ್ನ ಮೊಣಕೈಗೆ ಹಾಕ್ಕೊಂಡು ನೋಡು, ಬಿಸಿ ಎಷ್ಟೈತಿ. ಹಾಂ, ಹಾಕು."

ನೀರು ಬಿದ್ದಾಗ ಕೂಸು ಅಳುವುದನ್ನು ನಿಲ್ಲಿಸಿ ಅಜ್ಜನ ಮುಖ ನೋಡಿತು. ಆಮೇಲೆ ಅವರ ಲುಂಗಿ ಬೆಚ್ಚಗಾಗುವ ಹಾಗೆ ಉಚ್ಚೆ ಹೊಯ್ದಿತು.

"ಹೊಯ್ದಳು! ನನ್ನ ಮ್ಯಾಲ ಹೊಯ್ದಳು!" ಎಂದು ಯಜಮಾನರು ಬಹುಮಾನ ಬಂದವರ ಹಾಗೆ ಕೂಗಿದರು. ಚಾವಣಿ ಕಾಣುತ್ತಿರುವಾಗಲೇ ಅಕ್ಕಾರ ನಗೆ ಕೇಳಿಸಿತು. ನಾನೂ ನಕ್ಕೆ. ಬೆನ್ನಿನಲ್ಲಿ ಬೆಂಕಿ ಹೊತ್ತಿಕೊಂಡಿತು, ಆದರೂ ನಗೆ ನಿಲ್ಲಲಿಲ್ಲ. ಹೊಲಿಗೆಗೆ ಟಾಂಕಾ ಎನ್ನುವ ನನ್ನ ಅಳಿಯ ಹೆದರಿ, "ಅತ್ತೀ, ನಗಬ್ಯಾಡ್ರಿ, ಟಾಂಕಾ ಬಿಚ್ಚತೈತಿ" ಎನ್ನುತ್ತ ತಾನೇ ನಗುತ್ತಿದ್ದ. ಫೋನ್ ಇಟ್ಟ ಮೇಲೆ ನಾನು ಗೋಡೆ ಕಡೆ ಮುಖ ಮಾಡಿ ಅತ್ತೆ. ಅದು ನನ್ನ ಕಾಲಾಗಿರಬೇಕಿತ್ತು.

ಸ್ಕ್ರೂ ತೆಗೆಯಬೇಕಾಗಿ ಬರಲಿಲ್ಲ. ಆದರೆ ನಾನು ಮನೆಗೆ ಬರುವಷ್ಟರಲ್ಲಿ ಕೂಸು ಕತ್ತು ನಿಲ್ಲಿಸಿತ್ತು. ನನಗೆ ಎತ್ತಬಹುದೆಂದು ಹೇಳುವ ತೂಕ ಒಂದೊಂದು ಸಲ ಅಹಮದಾಬಾದಿಗೆ ಹೋದಾಗ ಒಂದಿಷ್ಟು ಹೆಚ್ಚುತ್ತಿತ್ತು. ಅವಳು ಅದಕ್ಕಿಂತ ಬೇಗ ಬೆಳೆಯುತ್ತಿದ್ದಳು. ಅವಳು ಮೈ ತುಂಬಿಕೊಳ್ಳುವುದನ್ನು ನೋಡಿ ಕುಣಿಯುವಷ್ಟು ಸಂತೋಷ, ಒಳಗೆ ಮಾತ್ರ ಸ್ವಲ್ಪ ನಿಲ್ಲು, ನಾನು ಬರುತ್ತೇನೆ ಎನ್ನುವ ಹಾಗೆ.

ಕುರ್ಚಿಯಲ್ಲಿ ಕೂತಾಗ ಬೇರೆಯವರು ತಂದು ಮಡಿಲಲ್ಲಿಟ್ಟರೆ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾನು ಹೊಸ ಸೀರೆ ಉಟ್ಟೆ. ಮಗಳು ತಂದು ಕೂರಿಸಿದಳು. ಕೂಸು ನನ್ನನ್ನು ಒಮ್ಮೆ ನೋಡಿತು, ನನ್ನ ಸೊಂಟದ ಗಟ್ಟಿ ಬೆಲ್ಟಿಗೆ ಕೈ ತಾಗಿತು, ಚಿಟ್ಟನೆ ಚೀರಿ ಅಜ್ಜನ ಕಡೆ ಎರಡೂ ಕೈ ಚಾಚಿತು. ಯಜಮಾನರು ಎತ್ತಿಕೊಂಡ ಕೂಡಲೇ ಸುಮ್ಮನಾಯಿತು. "ರೂಢಿ ಇಲ್ಲ ಅಷ್ಟ. ಆಗತೈತಿ ತಗೋ," ಎಂದರು ಅವರು. ಅವರಿಗೆ ನನ್ನ ಮುಖ ನೋಡಲಾಗಲಿಲ್ಲ. ರೂಢಿಯಾಗುವ ಮೊದಲೇ ಮಗಳು ಸೂರತ್‌ಗೆ ಹೋದಳು. ಮನೆಯಲ್ಲಿ ಎಣ್ಣೆಯ ವಾಸನೆ ಕೆಲವು ದಿನ ಇತ್ತು.

ಈ ಬೇಸಿಗೆಯಲ್ಲಿ ಬೆನ್ನಿನ ಕೊನೆಯ ಫೋಟೋ ತೆಗೆದರು. ಎಲುಬು ಬೆಸೆದಿದೆ. ಪಾದ ಪೂರ್ತಿ ಬರಲಿಲ್ಲ, ಬರುವುದಿಲ್ಲ. ಹೊರಗೆ ಹೋಗುವಾಗ ಚಪ್ಪಲಿಯೊಳಗೆ ಪ್ಲಾಸ್ಟಿಕ್ಕಿನ ಪಟ್ಟಿ ಹಾಕಿಕೊಳ್ಳುತ್ತೇನೆ. ನೋವೂ ಇದೆ, ಆದರೆ ಅದರ ಜೊತೆ ಕೂತು ಊಟ ಮಾಡಬಹುದು, ಇಷ್ಟು ಬರೆಯಬಹುದು. ಅಹಮದಾಬಾದಿನಿಂದ ಮನೆಗೆ ಬಾರದೆ, ಯಜಮಾನರನ್ನು ಕರೆದುಕೊಂಡು ನೇರ ಸೂರತ್ ರೈಲು ಹತ್ತಿದೆ.

ಪಾಂಡೇಸರಾದ ಮನೆಯಲ್ಲಿ ಕುರ್ಚಿಯ ಮೇಲೆ ಕೂತೆ. ಈ ಸಲ ಕರೆಯಲಿಲ್ಲ, ಕೈ ಚಾಚಲಿಲ್ಲ. ಅಷ್ಟು ದೂರದಲ್ಲಿ ಅವಳು ಒಂದು ಡಬ್ಬಿಯ ಮುಚ್ಚಳ ಹಿಡಿದು ನನ್ನನ್ನು ನೋಡುತ್ತ ನಿಂತಿದ್ದಳು. ನಾನು ಸೆರಗಿನ ತುದಿ ತಿರುವುತ್ತ ಕೂತೆ. ಅವಳು ಮುಚ್ಚಳ ಬಿಟ್ಟಳು. ಬಂದು ನನ್ನ ಸೀರೆ ಹಿಡಿದಳು, ಕುರ್ಚಿಯ ಕೈ ಹಿಡಿದಳು. ಕೆಳಗೆ ನೋಡಿದರೆ ಅವಳ ಎರಡೂ ಕಾಲು ನನ್ನ ಎಡಪಾದದ ಮೇಲೆ ಇದ್ದವು. ಆ ಪಾದಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ, ಕಣ್ಣಿಗೆ ಕಂಡದ್ದಷ್ಟೇ. ಅಲ್ಲಿಂದ ಮೊಣಕಾಲು ಊರಿ, ಏದುಸಿರು ಬಿಡುತ್ತ, ಮೇಲೆ ಬಂದಳು.

ಅಡುಗೆಮನೆಯಿಂದ ಮಗಳು ನೋಡಿ ಕೂಗಿದಳು. "ಅವ್ವಾ, ಎತ್ತಬ್ಯಾಡ! ಹತ್ತು ಕಿಲೋ ಆಗ್ಯಾಳ!"

"ನಾ ಎಲ್ಲಿ ಎತ್ತೀನಿ? ಅಕೀನ ಏರ್ಯಾಳ!" ಎಂದೆ.

ತೊಡೆಗೆ ತೂಕ ತಿಳಿಯುತ್ತದೆ. ಹತ್ತು ಕಿಲೋ, ಪೂರ್ತಿ.